ರೋಮಿಗೆ ಹೋದೋರು ಈ ಎರಡು ಮಸಣ ನೋಡ್ದೇ ಬರ್ಬೇಡಿ (ಚೆರ್ವೆತೆರಿ, ತಾರ್ಕ್ವಿನಿಯಾ ರಿವ್ಯೂ)

ಮೊದಲೇ ಹೇಳ್ಬಿಡ್ತೀನಿ, ರೋಮ್ ಹತ್ರ ಇರೋ ಈ ಎರಡು ಊರಲ್ಲಿ ಎಟ್ರುಸ್ಕನ್ ಅನ್ನೋ ಹಳೇ ಕಾಲದ ಜನರ ಸಮಾಧಿಗಳಿವೆ, ನಾನು ಅಲ್ಲಿಗೆ ಹೋಗಿದ್ದು ಇದು ಎರಡನೇ ಸಲ. ಮೊದಲ್ನೇ ಸಲ ರೋಮಿಂದ ಒಂದು ಟೂರ್ ಕಂಪನಿ ಮಿನಿಬಸ್ಸಲ್ಲಿ ಹೋಗಿದ್ದೆ, ಹೆಸರು ಬೇಡ ಬಿಡಿ, ಒಂದೇ ದಿನದಲ್ಲಿ ಚೆರ್ವೆತೆರಿನೂ ತೋರಿಸ್ತೀವಿ ತಾರ್ಕ್ವಿನಿಯಾನೂ ತೋರಿಸ್ತೀವಿ ಅಂದಿದ್ರು, ತೋರಿಸಿದ್ರು ಕೂಡ, ಹೇಗೆ ಅಂದ್ರೆ ನಮ್ಮ ಹಾಸನದ ಕಡೆ ಬೇಲೂರು ಹಳೇಬೀಡು ಶ್ರವಣಬೆಳಗೊಳ ಮೂರನ್ನೂ ಒಂದೇ ದಿನಕ್ಕೆ ಮುಗಿಸಿ ರಾತ್ರಿ ಬೆಂಗಳೂರಿಗೆ ತಂದು ಬಿಡ್ತಾರಲ್ಲ, ಹಾಗೆ. ಸಮಾಧಿ ನೋಡೋಕೆ ಐವತ್ತು ನಿಮಿಷ, ಊಟಕ್ಕೆ ಮತ್ತೆ ವೈನ್ ರುಚಿ ನೋಡೋಕೆ ಎರಡು ಗಂಟೆ. ಗೈಡ್ ಒಳ್ಳೆ ಮನುಷ್ಯನೇ, ಆದ್ರೆ ಅವನ ಕಣ್ಣು ಪೂರ್ತಿ ವಾಚ್ ಮೇಲೆ. ಒಂದು ಸಮಾಧಿಯೊಳಗೆ ಇಳಿದು ಕಣ್ಣು ಕತ್ತಲೆಗೆ ಹೊಂದ್ಕೊಳ್ಳೋ ಹೊತ್ತಿಗೆ ಮೇಲಿಂದ ಚಪ್ಪಾಳೆ ತಟ್ಟಿ ಕರೀತಿದ್ದ. ಅವತ್ತೇ ಅಂದ್ಕೊಂಡೆ, ಇನ್ನೊಂದ್ಸಲ ಬಂದ್ರೆ ನಾನಾಗೇ ಟ್ರೇನಲ್ಲಿ ಬರ್ಬೇಕು, ಎರಡು ದಿನ ಇಟ್ಕೊಂಡು ಬರ್ಬೇಕು ಅಂತ.

ಹೋದ ಅಕ್ಟೋಬರಲ್ಲಿ ಅಮ್ಮ ಮೂರು ತಿಂಗಳಿಗೆ ಅಂತ ಜರ್ಮನಿಗೆ ನಮ್ಮನೆಗೆ ಬಂದಿದ್ರು, ಅವರನ್ನ ಕರ್ಕೊಂಡು ನಾನು ನನ್ನ ಹೆಂಡ್ತಿ ಐದು ದಿನ ರೋಮಿಗೆ ಹೋದ್ವಿ. ಕೊಲೊಸಿಯಂ, ವ್ಯಾಟಿಕನ್ ಎಲ್ಲಾ ಆಯ್ತು, ಅದನ್ನ ಬರೆಯೋಕೆ ಬೇರೆ ಜನ ಇದಾರೆ. ಮೂರನೇ ದಿನ ಬೆಳಗ್ಗೆ ಅಮ್ಮ ಇವತ್ತು ಎಲ್ಲಿಗೋ ಅಂದ್ರು, ಹಳೇ ಕಾಲದ ಸಮಾಧಿಗಳು ನೋಡೋಕೆ ಅಂದೆ. "ಇಷ್ಟು ದೂರ ವಿಮಾನ ಹತ್ಕೊಂಡು ಬಂದು ದುಡ್ಡು ಕೊಟ್ಟು ಮಸಣ ನೋಡೋದೇನೋ? ಬಂದ್ಮೇಲೆ ತಲೆಗೆ ಸ್ನಾನ ಬೇರೆ ಮಾಡ್ಬೇಕು, ಈ ಹೋಟ್ಲಲ್ಲಿ ಬಿಸಿನೀರು ನೆಟ್ಟಗೆ ಬರಲ್ಲ." ಹೆಂಡ್ತಿ ನಗು ತಡ್ಕೊಳ್ಳೋಕೆ ಕಿಟಕಿ ಕಡೆ ತಿರುಗಿದ್ಲು. ನಾನು ಎರಡೂವರೆ ಸಾವಿರ ವರ್ಷ ಆಗಿದೆ ಅಮ್ಮ, ಈಗ ಅಲ್ಲಿ ಮೂಳೆನೂ ಇಲ್ಲ ಅಂದೆ. "ಮೂಳೆನೂ ಇಲ್ಲ ಅಂದ್ಮೇಲೆ ನೋಡೋದೇನು ಮತ್ತೆ?" ಇದಕ್ಕೆ ನನ್ನ ಹತ್ರ ಉತ್ತರ ಇರ್ಲಿಲ್ಲ, ಈ ರಿವ್ಯೂನೇ ಉತ್ತರ ಅಂದ್ಕೊಳ್ಳಿ.

ಎಟ್ರುಸ್ಕನ್ನರು ಯಾರು ಅಂತ ಗೊತ್ತಿಲ್ದೋರಿಗೆ ಎರಡು ಮಾತು. ರೋಮ್ ಇನ್ನೂ ಸಣ್ಣ ಊರಾಗಿದ್ದಾಗ ಇಟಲಿ ನಡುಭಾಗದಲ್ಲಿ ಜೋರಾಗಿ ಮೆರೆದ ಜನ, ಈಗಿನ ಟಸ್ಕನಿಗೆ ಹೆಸರು ಬಂದಿದ್ದೇ ಇವರಿಂದ. ರೋಮಿನ ಹಳೇ ರಾಜರಲ್ಲಿ ತಾರ್ಕ್ವಿನ್ ಅನ್ನೋರು ತಾರ್ಕ್ವಿನಿಯಾದಿಂದ ಬಂದೋರು ಅಂತಲೇ ರೋಮನ್ನರ ಕಥೆ. ಆಮೇಲೆ ರೋಮ್ ಬೆಳೀತು, ಇವರನ್ನ ಒಂದೊಂದೇ ಊರಾಗಿ ನುಂಗ್ತು, ಭಾಷೆನೂ ಹೋಯ್ತು. ಲಿಪಿ ಗ್ರೀಕರಿಂದ ತಗೊಂಡಿದ್ದು, ಹಾಗಾಗಿ ಅಕ್ಷರ ಓದಬಹುದು, ಬಲದಿಂದ ಎಡಕ್ಕೆ ಬರೀತಿದ್ರು, ಆದ್ರೆ ಭಾಷೆಗೆ ಅಕ್ಕಪಕ್ಕದ ಲ್ಯಾಟಿನ್, ಗ್ರೀಕ್ ಯಾವುದರ ಜೊತೆನೂ ಸಂಬಂಧ ಇಲ್ಲ. ಉಳಿದಿರೋದ್ರಲ್ಲಿ ಬಹುಪಾಲು ಸಮಾಧಿ ಮೇಲಿನ ಬರಹ, ಇಂಥವನು, ಇಂಥವರ ಮಗ, ಇಷ್ಟು ವರ್ಷ ಬದುಕಿದ್ದ, ಅಷ್ಟೇ. ಮಗನಿಗೆ ಕ್ಲಾನ್, ಮಗಳಿಗೆ ಸೆಖ್, ಹೆಂಡತಿಗೆ ಪುಯಾ. ಒಂದು ಇಡೀ ಜನಾಂಗದ ಭಾಷೆ ನಮಗೆ ಸಿಕ್ಕಿರೋದು ತಿಥಿ ಕಾರ್ಡಿನಷ್ಟು ಅಂದ್ರೆ ನೋಡಿ.

ಚೆರ್ವೆತೆರಿಗೆ ರೋಮಿನ ತೆರ್ಮಿನಿ ಸ್ಟೇಷನ್ನಿಂದ ಲೋಕಲ್ ಟ್ರೇನು, ಮುಕ್ಕಾಲು ಗಂಟೆ ಆಸುಪಾಸು, ಲದಿಸ್ಪೋಲಿ-ಚೆರ್ವೆತೆರಿ ಅನ್ನೋ ಸ್ಟೇಷನ್ನಲ್ಲಿ ಇಳೀಬೇಕು. ಹೆಸರು ನೋಡಿ ಮೋಸ ಹೋಗ್ಬೇಡಿ, ಸ್ಟೇಷನ್ ಇರೋದು ಲದಿಸ್ಪೋಲಿಲಿ, ಚೆರ್ವೆತೆರಿ ಊರಿಗೆ ಬಸ್ಸು, ಊರಿಂದ ಬಂದಿತಾಚ್ಚಾ ಅನ್ನೋ ಸಮಾಧಿ ಜಾಗಕ್ಕೆ ಮತ್ತೆ ಎರಡು ಕಿಲೋಮೀಟರ್ ನಡಿಗೆ. ಬಸ್ಸು ನಮಗೆ ಇಪ್ಪತ್ತೈದು ನಿಮಿಷ ಲೇಟು. ಅಮ್ಮ ಇದ್ರಿಂದ ಊರಿಂದ ಮುಂದಕ್ಕೆ ಟ್ಯಾಕ್ಸಿ ಮಾಡಿದ್ವಿ, ಆದ್ರೆ ವಾಪಸ್ ಬರುವಾಗ ನಡೆದ್ವಿ, ಪೈನ್ ಮರಗಳ ನೆರಳಲ್ಲಿ ರಸ್ತೆ ಚೆನ್ನಾಗಿದೆ.

ಒಳಗೆ ಹೋದ ತಕ್ಷಣ ಗೊತ್ತಾಗೋದು ಏನಂದ್ರೆ ಇದು ಮಸಣ ಥರ ಇಲ್ಲ, ಊರ ಥರ ಇದೆ. ಬೀದಿಗಳಿವೆ, ಅಡ್ಡರಸ್ತೆ ಇದೆ, ಒಂದು ಕಡೆ ಕಲ್ಲು ಬೀದಿ ಮೇಲೆ ಗಾಡಿ ಚಕ್ರ ಓಡಿ ಓಡಿ ಬಿದ್ದ ಆಳದ ಜಾಡು ಇನ್ನೂ ಹಾಗೇ ಇದೆ. ಎರಡೂ ಕಡೆ ದೊಡ್ಡ ದೊಡ್ಡ ದುಂಡನೆ ದಿಬ್ಬ, ಬುಡ ಕಲ್ಲಲ್ಲಿ ಕೊರೆದು ಕಟ್ಟಿದ್ದು, ಮೇಲೆ ಮಣ್ಣು, ಅದರ ಮೇಲೆ ಹುಲ್ಲು ಮರ. ಕೆಲವು ಮೂವತ್ತು ಮೀಟರಿಗೂ ಹೆಚ್ಚು ಅಗಲ. ಕ್ರಿ.ಪೂ. 9ನೇ ಶತಮಾನದಿಂದ ಇಲ್ಲಿ ಹೂಳೋಕೆ ಶುರು ಮಾಡಿದ್ದು, ಆಗ ಸುಟ್ಟು ಬೂದಿನ ಮಡಕೇಲಿ ಹಾಕಿ ಗುಂಡಿಲಿ ಇಡ್ತಿದ್ರು, 7ನೇ ಶತಮಾನಕ್ಕೆ ಕಾಸು ಜಾಸ್ತಿ ಆಗಿ ಈ ದಿಬ್ಬಗಳು ಬಂದ್ವು. ಕಾಸು ಎಲ್ಲಿಂದ ಅಂದ್ರೆ ಪಕ್ಕದ ತೋಲ್ಫಾ ಬೆಟ್ಟದ ಕಬ್ಬಿಣ ತಾಮ್ರದ ಅದಿರು ಮತ್ತೆ ಸಮುದ್ರದ ವ್ಯಾಪಾರ. 6ನೇ ಶತಮಾನಕ್ಕೆ ಬಂದ್ರೆ ದಿಬ್ಬ ಹೋಗಿ ಸಾಲು ಮನೆ ಶುರು, ಚೌಕಾಕಾರದ ಒಂದೇ ಅಳತೆ ಸಮಾಧಿಗಳು ಬೀದಿಗೆ ಮುಖ ಮಾಡ್ಕೊಂಡು ಒಂದಕ್ಕೊಂದು ಅಂಟ್ಕೊಂಡು ನಿಂತಿವೆ, ಥೇಟ್ ಹೌಸಿಂಗ್ ಬೋರ್ಡ್ ಕ್ವಾರ್ಟರ್ಸ್. ನನ್ನ ಹೆಂಡ್ತಿ ಅಂದಿದ್ದು, "ಜನ ಜಾಸ್ತಿ ಆದ್ಮೇಲೆ ಇಲ್ಲೂ ಸೈಟ್ ರೇಟ್ ಏರಿರ್ಬೇಕು ರೀ" ಅಂತ.

ಕಲ್ಲು ತೂಫಾ ಅಂತ, ಜ್ವಾಲಾಮುಖಿ ಬೂದಿ ಗಟ್ಟಿಯಾಗಿ ಆಗಿದ್ದು, ಕೊರೆಯೋವಾಗ ಮೆತ್ತಗಿರತ್ತೆ, ಗಾಳಿಗೆ ಬಿಟ್ಮೇಲೆ ಗಟ್ಟಿ ಆಗತ್ತೆ. ಹಾಸನದೋರಿಗೆ ಇದನ್ನ ಬಿಡಿಸಿ ಹೇಳ್ಬೇಕಾಗಿಲ್ಲ, ನಮ್ಮ ಬೇಲೂರಿನ ಬಳಪದ ಕಲ್ಲಿನ ಗುಣನೂ ಅದೇ ಅಲ್ವಾ. ಅದಕ್ಕೇ ಇವರು ಸಮಾಧಿನ ಕಟ್ಟಿಲ್ಲ, ಬಂಡೆನೇ ಕೊರೆದು ಮನೆ ಮಾಡಿದಾರೆ. ಒಳಗೆ ಹೋದ್ರೆ ನಡುಮನೆ, ಅದರಾಚೆ ಕೋಣೆಗಳು, ಬಾಗಿಲ ಚೌಕಟ್ಟು, ಕಿಟಕಿ, ತಲೆ ಎತ್ತಿದ್ರೆ ತೊಲೆ ಜಂತೆ ಎಲ್ಲ ಕಲ್ಲಲ್ಲೇ. ಗುಡಿಸಲು ಸಮಾಧಿ ಅಂತ ಒಂದಿದೆ, ಹುಲ್ಲು ಮಾಡಿನ ಇಳಿಜಾರು ಹೇಗಿರತ್ತೋ ಹಾಗೇ ಚಾವಣಿ ಕೊರೆದಿದಾರೆ. ಅದೇ ದಿಬ್ಬದೊಳಗೆ ಒಟ್ಟು ನಾಕು ಸಮಾಧಿ, ಒಂದಾದ ಮೇಲೊಂದು ತಲೆಮಾರು ಒಂದೇ ಗುಡ್ಡೆಗೆ ಬೇರೆ ಬೇರೆ ಕಡೆಯಿಂದ ಬಾಗಿಲು ಕೊರ್ಕೊಂಡು ಒಳಗೆ ಹೋಗಿದಾರೆ. ಮೊದಲ್ನೇದು ಗುಡಿಸಲು, ಕೊನೇದ್ರಲ್ಲಿ ಗ್ರೀಸಿಂದ ತರಿಸಿದ ಮಡಕೆಗಳ ರಾಶಿ ಸಿಕ್ಕಿತ್ತು. ಒಂದು ಮನೆತನ ಇನ್ನೂರು ವರ್ಷದಲ್ಲಿ ಹೇಗೆ ಮೇಲೆ ಬಂತು ಅಂತ ಒಂದು ಸುತ್ತು ಹಾಕಿದ್ರೆ ಕಾಣತ್ತೆ.

ಇಲ್ಲೊಂದು ವಿಷಯ ನನ್ನ ತಲೇಲಿ ಕೂತ್ಬಿಟ್ಟಿದೆ. ಬದುಕಿದ್ದೋರ ಮನೆಗಳನ್ನ ಇವರು ಮರ, ಮಣ್ಣು, ಹಸಿ ಇಟ್ಟಿಗೆಲಿ ಕಟ್ಕೊಂಡ್ರು, ಸತ್ತೋರಿಗೆ ಕಲ್ಲು. ಹಾಗಾಗಿ ಪಕ್ಕದ ಗುಡ್ಡದ ಮೇಲಿದ್ದ ಅಸಲಿ ಊರು ಹೆಚ್ಚುಕಮ್ಮಿ ಮಣ್ಣಾಗಿ ಹೋಯ್ತು, ಎಟ್ರುಸ್ಕನ್ ಮನೆ ಒಳಗೆ ಹೇಗಿತ್ತು ಅಂತ ತಿಳ್ಕೋಬೇಕಂದ್ರೆ ಈ ಸಮಾಧಿಗಳಿಗೇ ಬರ್ಬೇಕು. ಯುನೆಸ್ಕೋ 2004ರಲ್ಲಿ ಚೆರ್ವೆತೆರಿ ತಾರ್ಕ್ವಿನಿಯಾ ಎರಡನ್ನೂ ಒಟ್ಟಿಗೆ ಪಟ್ಟಿಗೆ ಸೇರಿಸಿದ್ದಕ್ಕೆ ಇದೂ ಒಂದು ಕಾರಣ.

ಈಗ ಎಲ್ರೂ ನೋಡ್ಲೇಬೇಕಾದ್ದು, ತೋಂಬಾ ದೇಯಿ ರಿಲಿಯೇವಿ, ಉಬ್ಬುಚಿತ್ರದ ಸಮಾಧಿ ಅನ್ನಿ. ಕ್ರಿ.ಪೂ. 4ನೇ ಶತಮಾನದ ಕೊನೆ ಕಾಲದ್ದು, ಮತುನಾ ಅನ್ನೋ ಮನೆತನದ್ದು. ಒಳಗೆ ಬಿಡಲ್ಲ, ಮೆಟ್ಟಿಲಿಳಿದು ಗಾಜಿನ ಆಚೆಯಿಂದ ನೋಡ್ಬೇಕು, ಇದಕ್ಕೊಂದು ಸ್ಟಾರ್ ಕಟ್ ಮಾಡೋಣ ಅಂದ್ಕೊಂಡಿದ್ದೆ, ಆದ್ರೆ ಉಸಿರಿನ ತೇವಕ್ಕೇ ಬಣ್ಣ ಹಾಳಾಗತ್ತೆ, ಬಿಡ್ದೇ ಇರೋದೇ ಸರಿ. ಸುತ್ತ ಗೋಡೇಲಿ ಹೆಣ ಮಲಗಿಸೋ ಗೂಡುಗಳು, ಪ್ರತಿ ಗೂಡಲ್ಲೂ ಕಲ್ಲಿನ ಜೋಡಿ ದಿಂಬು, ಕೆಂಪು ಬಣ್ಣ ಇನ್ನೂ ಇದೆ. ಮೇಲೆ ಗುರಾಣಿ, ಕತ್ತಿ, ಶಿರಸ್ತ್ರಾಣ. ಕಂಬಗಳ ಮೇಲೆ ಮಾತ್ರ ಮನೆ ಸಾಮಾನು, ಗಾರೆಲಿ ಉಬ್ಬಿಸಿ ಬಣ್ಣ ಹಚ್ಚಿದ್ದು: ಚಾಕು, ಕೊಡಲಿ, ಹೂಜಿ, ಸುರುಳಿ ಸುತ್ತಿಟ್ಟ ಹಗ್ಗ, ಆಟದ ಹಲಗೆ, ನಾಯಿ, ಬಾತುಕೋಳಿ. ನಡುವಿನ ಮುಖ್ಯ ಗೂಡಿನ ಹತ್ರ ಒಂದು ಜೊತೆ ಚಪ್ಪಲಿ, ಪಕ್ಕದಲ್ಲಿ ಬಟ್ಟೆ ಮಡಚಿಟ್ಟ ಪೆಟ್ಟಿಗೆ.

ಅಲ್ಲಿವರೆಗೂ ಸೆರಗು ಮೂಗಿಗೆ ಹಿಡ್ಕೊಂಡು ನಿಂತಿದ್ದ ಅಮ್ಮ ಸೆರಗು ಬಿಟ್ರು. ಗಾಜಿಗೆ ಹಣೆ ತಾಗಿಸಿ ಒಂದೊಂದೇ ಲೆಕ್ಕ ಹಾಕೋಕೆ ಶುರು. "ಇದು ಚೌಕಾಬಾರ ಮಣೆ ಇದ್ದಂಗಿದೆ. ಇದು ಸೌಟು ಇರ್ಬೇಕು. ಹಗ್ಗ ನೋಡೋ, ಬಾವಿ ಹಗ್ಗ ಹೀಗೇ ಸುತ್ತಿ ಗೂಟಕ್ಕೆ ಹಾಕ್ತಿದ್ರು ನಿಮ್ಮಜ್ಜಿ. ಎಲ್ಲಾ ಇದೆ, ಈಳಿಗೆ ಮಣೆ ಒಂದು ಇಲ್ಲ." ಹಿಂದೆ ಒಂದು ಫ್ರೆಂಚ್ ಗುಂಪು ಕಾಯ್ತಾ ಇತ್ತು, ಅಮ್ಮ ಜಾಗ ಬಿಡ್ಲಿಲ್ಲ. ಆಮೇಲೆ ಮೇಲೆ ಬಂದು ಕಟ್ಟೆ ಮೇಲೆ ಕೂತ್ಕೊಂಡು ಹೇಳಿದ್ದು ಏನಂದ್ರೆ, ನಮ್ಮಲ್ಲಿ ಹೋದೋರಿಗೆ ಇಷ್ಟ ಆಗಿದ್ದನ್ನ ಒಂದು ದಿನ ಎಡೆ ಇಡ್ತೀವಿ, ಇವರು ಶಾಶ್ವತವಾಗಿ ಸಂಸಾರನೇ ಹೂಡಿಕೊಟ್ಟಿದಾರೆ ಅಂತ.

ಗಂಡಸರ ಮಂಚ ಹೆಂಗಸರ ಮಂಚ ಬೇರೆ ಬೇರೆ ಅನ್ನೋದನ್ನ ಮಿನಿಬಸ್ ಗೈಡ್ ಹೇಳಿರ್ಲಿಲ್ಲ, ಈ ಸಲ ಬೋರ್ಡ್ ಓದಿ ತಿಳ್ಕೊಂಡೆ. ಗಂಡಸಿನದಕ್ಕೆ ಮಂಚದ ಕಾಲು ಕೊರೆದಿರ್ತಾರೆ, ಹೆಂಗಸಿನದಕ್ಕೆ ಎರಡೂ ತುದೀಲಿ ಮನೆ ಮಾಡಿನ ಥರ ತ್ರಿಕೋನ. ಹೊರಗೆ ಬಾಗಿಲ ಹತ್ರ ಗುರುತಿನ ಕಲ್ಲುಗಳೂ ಹಾಗೇ, ಹೆಂಗಸಿಗೆ ಪುಟ್ಟ ಮನೆ ಆಕಾರದ್ದು, ಗಂಡಸಿಗೆ ಕಂಬದ ಥರ ಉದ್ದನೆ ದುಂಡು ಕಲ್ಲು. ಆ ಉದ್ದನೆ ಕಲ್ಲು ನೋಡಿ ಅಮ್ಮ "ಇಲ್ಲೂ ಲಿಂಗ ಇದ್ಯಲ್ಲೋ" ಅಂತ ಕೈ ಮುಗಿದುಬಿಟ್ರು. ಅದು ಏನು ಅಂತ ಬಿಡಿಸಿ ಹೇಳೋ ಕೆಲಸ ನಾನು ಹೆಂಡ್ತಿಗೆ ಬಿಟ್ಟೆ, ಅವಳು ನಂಗೆ ಬಿಟ್ಲು, ಕೊನೆಗೆ ಯಾರೂ ಹೇಳ್ಲಿಲ್ಲ.

ಮೈನಸ್ ಪಾಯಿಂಟ್ ಹೇಳ್ಬೇಕು. ಹಿಂದಿನ ದಿನ ಮಳೆ ಬಂದಿತ್ತು, ಕೆಳಗಿರೋ ಹಲವು ಸಮಾಧಿಲಿ ಮೊಣಕಾಲುದ್ದ ನೀರು ನಿಂತಿತ್ತು, ಇನ್ನು ಕೆಲವಕ್ಕೆ ಬೀಗ. ಮೆಟ್ಟಿಲು ಪಾಚಿ ಕಟ್ಟಿ ಜಾರತ್ತೆ, ಹಿಡ್ಕೊಳ್ಳೋಕೆ ಕಂಬಿ ಎಲ್ಲಾ ಕಡೆ ಇಲ್ಲ. ಕೆಲವು ಸಮಾಧಿಲಿ ಲೈಟಿಲ್ಲ, ಮೊಬೈಲ್ ಟಾರ್ಚೇ ಗತಿ. ಆದ್ರೆ ಇದನ್ನೇ ಇನ್ನೊಂದು ಕಡೆಯಿಂದ ನೋಡಿದ್ರೆ, ನೂರಾರು ಸಮಾಧಿ ಇರೋ ಹತ್ತು ಹೆಕ್ಟೇರ್ ಜಾಗದಲ್ಲಿ ಅವತ್ತು ನಾವು ಮೂವತ್ತು ಜನ ಇದ್ವೇನೋ, ಯಾರೂ ಹಿಂದೆ ಬಂದು ಅಲ್ಲಿ ಹೋಗ್ಬೇಡಿ ಇಲ್ಲಿ ನಿಲ್ಬೇಡಿ ಅನ್ನಲ್ಲ, ಬೇಲಿ ಇಲ್ದಿರೋ ಸಮಾಧಿಗೆ ಇಳಿದು ಎಷ್ಟು ಹೊತ್ತು ಬೇಕಾದ್ರೂ ಸುಮ್ನೆ ಕೂತ್ಕೋಬಹುದು. ರೋಮಲ್ಲಿ ಇಂಥದ್ದು ಎಲ್ಲೂ ಸಿಗಲ್ಲ.

ಚೆರ್ವೆತೆರಿ ಊರೊಳಗೆ ಹಳೇ ಕೋಟೇಲಿ ಒಂದು ಸಣ್ಣ ಮ್ಯೂಸಿಯಂ ಇದೆ, ಬಿಡ್ಬೇಡಿ, ಒಂದೇ ಒಂದು ಪಾತ್ರೆಗೋಸ್ಕರ ಆದ್ರೂ ಹೋಗಿ. ಯೂಫ್ರೋನಿಯೋಸ್ ಅನ್ನೋ ಗ್ರೀಕ್ ಕಲಾವಿದ ಬಣ್ಣ ಬರೆದ ದೊಡ್ಡ ವೈನ್ ಬೆರೆಸೋ ಪಾತ್ರೆ, ಟ್ರಾಯ್ ಯುದ್ಧದಲ್ಲಿ ಸತ್ತ ಸಾರ್ಪೆಡಾನ್ ಅನ್ನೋ ವೀರನನ್ನ, ನಿದ್ದೆ ಮತ್ತೆ ಸಾವು ಅನ್ನೋ ರೆಕ್ಕೆಯ ಅಣ್ಣತಮ್ಮಂದಿರು ಎತ್ಕೊಂಡು ಹೋಗೋ ಚಿತ್ರ. ಇದನ್ನ ಇದೇ ಊರಿನ ಹತ್ರ 1971ರಲ್ಲಿ ಕಳ್ಳರು ಅಗೆದು ತೆಗೆದ್ರು, 1972ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ಹತ್ತು ಲಕ್ಷ ಡಾಲರ್ ಕೊಟ್ಟು ಕೊಂಡ್ಕೊಳ್ತು, ಜಗಳ ನಡೆದು ನಡೆದು 2008ರಲ್ಲಿ ಇಟಲಿಗೆ ವಾಪಸ್ ಬಂತು. ಸಮಾಧಿ ಕಳ್ಳರಿಗೆ ಇಲ್ಲಿ ತೊಂಬರೋಲಿ ಅಂತಲೇ ಹೆಸರಿದೆ, ಒಂದು ಕಸುಬೇ ಅದು, ಬಂದಿತಾಚ್ಚಾ ಸಮಾಧಿಗಳು ಖಾಲಿ ಇರೋದಕ್ಕೆ ಅರ್ಧ ಕಾರಣ ಅವರು, ಇನ್ನರ್ಧ ಕಾರಣ ದೊಡ್ಡ ದೊಡ್ಡ ಮ್ಯೂಸಿಯಂಗಳು. 1836ರಲ್ಲಿ ಇಲ್ಲಿ ಸಿಕ್ಕ ರೆಗೋಲಿನಿ-ಗಲಾಸ್ಸಿ ಸಮಾಧಿ ಒಡವೆ ನೋಡ್ಬೇಕಂದ್ರೆ ವ್ಯಾಟಿಕನ್ನಿಗೆ ಹೋಗ್ಬೇಕು, ಹಿಂದಿನ ದಿನವೇ ನೋಡಿದ್ವಿ, ಎದೆ ಮೇಲೆ ಹಾಕೋ ಚಿನ್ನದ ಪಿನ್ನು ಒಂದು ಅಡಿ ಹತ್ರ ಇದೆ, ಅದರ ಮೇಲೆ ಸಾಲಾಗಿ ಪುಟಾಣಿ ಬಾತುಕೋಳಿಗಳು. ಅಮ್ಮ ಅವತ್ತು ಅದರ ಗ್ರಾಂ ಲೆಕ್ಕ ಹಾಕಿದ್ರು, ಯಾರದ್ದು ಅಂತ ಕೇಳಿರ್ಲಿಲ್ಲ. ಚೆರ್ವೆತೆರಿಲಿ ಮಾತ್ರ ಕೇಳಿದ್ರು, ಆ ಒಡವೆ ಈ ಊರಿನ ಹೆಂಗಸಿನದ್ದಾ ಅಂತ. ಹೌದು ಅಂದೆ. "ಮೈಮೇಲಿಂದ ತೆಗೆದ್ರಾ?" ಅಂದ್ರು. ಆಮೇಲೆ ಸ್ವಲ್ಪ ಹೊತ್ತು ಮಾತಾಡ್ಲಿಲ್ಲ.

ಅವತ್ತು ರಾತ್ರಿ ಹೋಟ್ಲಿಗೆ ಬಂದು ತಲೆಗೆ ಸ್ನಾನ ಮಾಡಿದ್ರು, ಬಿಸಿನೀರು ಬಂತು.

ಮಾರನೇ ದಿನ ತಾರ್ಕ್ವಿನಿಯಾ. ಇದು ಇನ್ನೂ ದೂರ, ಟ್ರೇನಲ್ಲಿ ಒಂದೂಕಾಲು ಗಂಟೆ ಮೇಲಾಗತ್ತೆ, ಸಮುದ್ರದ ಪಕ್ಕ ಹೋಗತ್ತೆ, ಎಡಗಡೆ ಕಿಟಕಿ ಸೀಟು ಹಿಡೀರಿ. ಇಲ್ಲೂ ಸ್ಟೇಷನ್ ಕೆಳಗೆ, ಊರು ಗುಡ್ಡದ ಮೇಲೆ, ಬಸ್ಸು ಹಿಡೀಬೇಕು. ಮೊಂತೆರೊಝ್ಝಿ ಅನ್ನೋ ಜಾಗ ಹೊರಗಿಂದ ನೋಡಿದ್ರೆ ಏನೂ ಇಲ್ಲ, ಬಯಲು, ಹುಲ್ಲು, ಅಲ್ಲಲ್ಲಿ ಪಂಪ್‌ಸೆಟ್ ಮನೆ ಥರ ಸಣ್ಣ ಸಣ್ಣ ಕಟ್ಟಡ. ಇದಕ್ಕಾ ಇಷ್ಟು ದೂರ ಬಂದಿದ್ದು ಅಂತ ಮೊದಲ್ನೇ ಸಲ ನನಗೂ ಅನಿಸಿತ್ತು. ಆ ಪಂಪ್‌ಸೆಟ್ ಮನೆ ಒಂದೊಂದರ ಒಳಗೂ ಕಡಿದಾದ ಮೆಟ್ಟಿಲು, ಇಳಿದ್ರೆ ಕೊನೇಲಿ ಗಾಜಿನ ಬಾಗಿಲು, ಪಕ್ಕದಲ್ಲಿ ಒಂದು ಬಟನ್. ಒತ್ತಿದ್ರೆ ಲೈಟ್ ಬರತ್ತೆ, ಬಂದ ತಕ್ಷಣ ಎದುರುಗಡೆ ಕೆಂಪು ನೀಲಿ ಹಸಿರು, ಜನ ಕುಣೀತಿದಾರೆ.

ಒಟ್ಟು ಆರು ಸಾವಿರ ಸಮಾಧಿ ಇದೆಯಂತೆ ಈ ಗುಡ್ಡದಲ್ಲಿ, ಬಣ್ಣದ ಚಿತ್ರ ಇರೋದು ಇನ್ನೂರು, ಜನರಿಗೆ ತೆರೆದಿರೋದು ಇಪ್ಪತ್ತರ ಆಸುಪಾಸು. ಇಷ್ಟು ಸಮಾಧಿ ಹೇಗೆ ಹುಡುಕಿದ್ರು ಅನ್ನೋದೇ ಒಂದು ಕಥೆ. 1950ರ ದಶಕದಲ್ಲಿ ಕಾರ್ಲೊ ಲೆರಿಚಿ ಅನ್ನೋ ಇಂಜಿನಿಯರು, ಎಲ್ಲಾ ಅಗೆಯೋ ಬದಲು ನೆಲದ ಅಳತೆ ತಗೊಂಡು ಟೊಳ್ಳು ಎಲ್ಲಿದೆ ಅಂತ ಕಂಡುಹಿಡಿದು, ಅಲ್ಲಿ ಬೋರ್‌ವೆಲ್ ಥರ ಸಣ್ಣ ತೂತು ಕೊರೆದು, ಪೆರಿಸ್ಕೋಪು ಕ್ಯಾಮೆರಾ ಇಳಿಬಿಟ್ಟು ಒಳಗೆ ಏನಿದೆ ಅಂತ ಮೊದಲೇ ನೋಡ್ತಿದ್ರಂತೆ. ಖಾಲಿ ಇದ್ರೆ ಅಗೆಯೋದು ಬೇಡ. 1958ರಲ್ಲಿ ಒಲಿಂಪಿಕ್ಸ್ ಸಮಾಧಿ ಅಂತ ಈಗ ಕರೆಯೋದು ಸಿಕ್ಕಿದ್ದು ಹೀಗೇ, ಓಟ, ಡಿಸ್ಕಸ್, ರಥದ ಪಂದ್ಯದ ಚಿತ್ರ ಅದ್ರಲ್ಲಿ.

ಚಿರತೆ ಸಮಾಧಿ ಎಲ್ಲಾ ಕಡೆ ಫೋಟೋಲಿ ಬರೋದು, ಕ್ರಿ.ಪೂ. 480-470ರದ್ದು. ಗಂಡು ಹೆಣ್ಣು ಜೋಡಿ ಜೋಡಿ ಒರಗಿಕೊಂಡು ಊಟಕ್ಕೆ ಕೂತಿದಾರೆ, ಗಂಡಸರ ಮೈ ಕೆಂಪು, ಹೆಂಗಸರದ್ದು ಬಿಳಿ, ಒಬ್ಬ ಕೈಯಲ್ಲಿ ಮೊಟ್ಟೆ ಹಿಡಿದು ತೋರಿಸ್ತಿದಾನೆ, ಪಕ್ಕದ ಗೋಡೆಲಿ ಜೋಡಿ ಕೊಳಲು ಊದೋನು. ಮೊಟ್ಟೆ ಮತ್ತೆ ಹುಟ್ಟೋದರ ಗುರುತು ಅಂತಾರೆ, ಸಮಾಧಿಗಳಲ್ಲಿ ನಿಜವಾದ ಮೊಟ್ಟೆನೂ ಇಡ್ತಿದ್ರು. ಹೆಂಡತಿ ಗಂಡನ ಪಕ್ಕದಲ್ಲಿ ಒಂದೇ ಮಂಚದ ಮೇಲೆ ಕೂತು ಊಟ ಮಾಡೋದು ಗ್ರೀಕರಿಗೆ ಸಹಿಸಕ್ಕಾಗ್ತಿರ್ಲಿಲ್ಲ, ಅವರಲ್ಲಿ ಮನೆ ಹೆಂಗಸರು ಅಂಥ ಪಂಕ್ತಿಗೇ ಬರೋ ಹಾಗಿರ್ಲಿಲ್ಲ. ಥಿಯೊಪೊಂಪಸ್ ಅನ್ನೋ ಗ್ರೀಕ್ ಇತಿಹಾಸಕಾರ ಎಟ್ರುಸ್ಕನ್ ಹೆಂಗಸರ ಬಗ್ಗೆ ಬಾಯಿಗೆ ಬಂದಂಗೆ ಬರೆದಿದಾನೆ. ಪಕ್ಕದ್ಮನೆ ಸೊಸೆ ಬಗ್ಗೆ ಕಟ್ಟೆ ಮೇಲೆ ಕೂತೋರು ಆಡೋ ಮಾತು, ಅಷ್ಟೇ ಅದರ ಬೆಲೆ.

ನಂಗೆ ಚಿರತೆಗಿಂತ ಇಷ್ಟ ಆಗಿದ್ದು ಬೇಟೆ ಮತ್ತೆ ಮೀನುಗಾರಿಕೆ ಸಮಾಧಿ. ಸಮುದ್ರ, ದೋಣಿ, ಆಕಾಶದ ತುಂಬ ಹಕ್ಕಿ, ಬಂಡೆ ಮೇಲಿಂದ ಒಬ್ಬ ಹುಡುಗ ತಲೆ ಕೆಳಗಾಗಿ ನೀರಿಗೆ ಧುಮುಕ್ತಿದಾನೆ. ಸಾವಿನ ಸುಳಿವೇ ಇಲ್ಲ. ಲೈಟು ಆರಿಹೋಗತ್ತೆ, ಮತ್ತೆ ಒತ್ಬೇಕು, ನಾನು ಐದಾರು ಸಲ ಒತ್ತಿರ್ಬೇಕು.

ಶಕುನದವರ ಸಮಾಧಿ ಇದಕ್ಕೆ ತದ್ವಿರುದ್ಧ. ಎದುರು ಗೋಡೇಲಿ ಮುಚ್ಚಿದ ಬಾಗಿಲ ಚಿತ್ರ, ಎರಡೂ ಕಡೆ ಇಬ್ಬರು ಗಂಡಸರು ಒಂದು ಕೈ ಚಾಚಿ ಇನ್ನೊಂದು ಕೈ ಹಣೆಗೆ ಇಟ್ಕೊಂಡು ನಿಂತಿದಾರೆ. ಅದು ಅಳೋ ಭಂಗಿ ಅಂತ ಯಾರೂ ಹೇಳ್ಕೊಡ್ಬೇಕಾಗಿಲ್ಲ, ಅಮ್ಮ ನೋಡಿದ ತಕ್ಷಣ "ಅಯ್ಯೋ ಪಾಪ" ಅಂದ್ರು. ಪಕ್ಕದ ಗೋಡೇಲಿ ಕುಸ್ತಿ, ಅದೇ ಗೋಡೇಲಿ ಸ್ವಲ್ಪ ಮುಂದೆ ಮುಖವಾಡ ಹಾಕಿದ ಒಬ್ಬ, ಮೇಲೆ ಫೆರ್ಸು ಅಂತ ಹೆಸರು ಬರೆದಿದೆ, ಉದ್ದನೆ ಹಗ್ಗ ಕಟ್ಟಿದ ನಾಯಿನ ಇನ್ನೊಬ್ಬನ ಮೇಲೆ ಬಿಟ್ಟಿದಾನೆ, ಆ ಇನ್ನೊಬ್ಬನ ತಲೆಗೆ ಚೀಲ ಕಟ್ಟಿದೆ, ಕೈಯಲ್ಲಿ ದೊಣ್ಣೆ, ಕಾಲಲ್ಲಿ ರಕ್ತ. ಶವಸಂಸ್ಕಾರದ ದಿನ ನಡೆಸ್ತಿದ್ದ ಆಟ ಇದು. ರೋಮಿನ ಗ್ಲಾಡಿಯೇಟರ್ ಕಾಳಗದ ಬೇರು ಇಲ್ಲೇ ಅಂತ ಕೆಲವು ವಿದ್ವಾಂಸರು, ಅಲ್ಲ ದಕ್ಷಿಣ ಇಟಲಿ ಕಡೆಯಿಂದ ಬಂತು ಅಂತ ಕೆಲವರು. ಲ್ಯಾಟಿನ್ನಿನ ಪರ್ಸೋನಾ ಅನ್ನೋ ಮಾತು, ನಾವು ಪರ್ಸನಾಲಿಟಿ ಪರ್ಸನಾಲಿಟಿ ಅಂತೀವಲ್ಲ, ಅದು ಈ ಫೆರ್ಸುವಿಂದ ಬಂದಿರಬಹುದು ಅಂತಾರೆ.

ಸತ್ತೋರ ಹೆಸರಲ್ಲಿ ಪಂದ್ಯ ಆಡಿಸೋದಕ್ಕೆ ಹೆರೊಡೋಟಸ್ ಅನ್ನೋ ಇನ್ನೊಬ್ಬ ಗ್ರೀಕ್ ಇತಿಹಾಸಕಾರ ಕೂಡ ಒಂದು ಕಥೆ ಹೇಳ್ತಾನೆ. ಚೆರ್ವೆತೆರಿ ಜನ ಕ್ರಿ.ಪೂ. 540ರ ಹೊತ್ತಿಗೆ ಸಮುದ್ರದಲ್ಲಿ ಯುದ್ಧ ಮಾಡಿ ಹಿಡಿದ ಫೋಕಿಯಾದ ಗ್ರೀಕ್ ಕೈದಿಗಳನ್ನ ಕಲ್ಲು ಹೊಡೆದು ಕೊಂದ್ರಂತೆ, ಆಮೇಲೆ ಆ ಜಾಗ ದಾಟಿದ ಕುರಿ ದನ ಮನುಷ್ಯರು ಎಲ್ಲ ಸೊಟ್ಟಗಾಗೋಕೆ ಶುರು. ಗ್ರೀಸಿನ ಡೆಲ್ಫಿ ದೇವಸ್ಥಾನಕ್ಕೆ ಹೋಗಿ ಪ್ರಶ್ನೆ ಕೇಳಿದ್ರೆ, ಸತ್ತೋರಿಗೆ ದೊಡ್ಡದಾಗಿ ಬಲಿ ಕೊಟ್ಟು, ಆಟ, ಕುದುರೆ ಪಂದ್ಯ ನಡೆಸಿ ಅಂದ್ರಂತೆ, ತನ್ನ ಕಾಲದಲ್ಲೂ ನಡೆಸ್ತಿದ್ರು ಅಂತ ಬರೆದಿದಾನೆ. ಟ್ರೇನಲ್ಲಿ ಅಮ್ಮಂಗೆ ಹೇಳಿದ್ದಕ್ಕೆ "ಅದೇ, ಶಾಂತಿ ಮಾಡ್ಸಿದಾರೆ" ಅಂತ ಎರಡೇ ಮಾತಲ್ಲಿ ಮುಗಿಸಿದ್ರು.

ಇಲ್ಲಿ ಹೋಗೋರು ಒಂದು ಕೆಲಸ ಮಾಡಿ, ಸಿಕ್ಕ ಸಿಕ್ಕ ಸಮಾಧಿಗೆ ನುಗ್ಗೋ ಬದಲು ಬೋರ್ಡಲ್ಲಿ ಕಾಲ ನೋಡ್ಕೊಂಡು ಹಳೇದ್ರಿಂದ ಹೊಸದಕ್ಕೆ ಹೋಗಿ. 6ನೇ, 5ನೇ ಶತಮಾನದ್ದೆಲ್ಲಾ ಊಟ, ಕುಣಿತ, ಕುದುರೆ, ಹಕ್ಕಿ. ನಂತರ ಮೆಲ್ಲಗೆ ಬೇರೆಯವರು ಬರೋಕೆ ಶುರು. ನೀಲಿ ಭೂತಗಳ ಸಮಾಧಿ ಅಂತ 1985ರಲ್ಲಿ ಸಿಕ್ಕಿದ್ದು, 5ನೇ ಶತಮಾನದ ಕೊನೇದು, ಅದ್ರಲ್ಲಿ ಒಂದು ಗೋಡೇಲಿ ಎಂದಿನ ಹಾಗೆ ಊಟ, ಇನ್ನೊಂದು ಗೋಡೇಲಿ ನೀಲಿ ಮೈಯ ಭೂತ, ಕೈಯಲ್ಲಿ ಹಾವು, ಜೊತೆಗೆ ಸತ್ತೋರನ್ನ ದಾಟಿಸೋ ದೋಣಿ. 4ನೇ ಶತಮಾನ ದಾಟಿದ್ರೆ ಖರೂನ್ ಅನ್ನೋ ಸಾವಿನ ಭೂತ ದೊಡ್ಡ ಸುತ್ತಿಗೆ ಹಿಡ್ಕೊಂಡು ನಿಂತಿರ್ತಾನೆ, ವಾಂಥ್ ಅನ್ನೋ ರೆಕ್ಕೆಯ ಹೆಣ್ಣು ಪಂಜು ಹಿಡ್ಕೊಂಡು. ಅಷ್ಟೊತ್ತಿಗೆ ರೋಮ್ ಬಾಗಿಲಿಗೆ ಬಂದಿತ್ತು, ಪಕ್ಕದ ವೇಯಿ ಅನ್ನೋ ಎಟ್ರುಸ್ಕನ್ ಊರು ಕ್ರಿ.ಪೂ. 396ರಲ್ಲೇ ಬಿದ್ದಿತ್ತು. ಊರು ಸೋತಿದ್ದಕ್ಕೂ ಭೂತ ಬಂದಿದ್ದಕ್ಕೂ ನೇರ ಸಂಬಂಧ ಇದೆಯೋ ಇಲ್ವೋ ಅಂತ ವಾದ ಇದೆ, ಗ್ರೀಕರ ಪಾತಾಳದ ಕಥೆಗಳ ಪ್ರಭಾವ ಅಂತಲೂ ಹೇಳ್ತಾರೆ. ಏನೇ ಇರ್ಲಿ, ಒಂದೇ ಬಯಲಲ್ಲಿ ಅರ್ಧ ದಿನದೊಳಗೆ ಒಂದು ಜನದ ಮುಖ ಬಾಡೋದನ್ನ ನೋಡ್ಬಹುದು. ನನ್ನ ಮಿನಿಬಸ್ ಟೂರಲ್ಲಿ ಇದನ್ನ ಕಲಸುಮೇಲೋಗರ ಮಾಡಿ ತೋರಿಸಿದ್ರು, ಹಾಗಾಗಿ ಆಗ ಏನೂ ತಲೆಗೆ ಹೋಗಿರ್ಲಿಲ್ಲ.

ಕಷ್ಟ ಏನಂದ್ರೆ ಮೆಟ್ಟಿಲು. ಪ್ರತಿ ಸಮಾಧಿಗೂ ಇಳೀಬೇಕು ಹತ್ಬೇಕು, ಕೆಳಗೆ ಸೆಖೆ, ಜಾಗ ಇಕ್ಕಟ್ಟು, ಇಬ್ಬರು ಗಾಜಿನ ಮುಂದೆ ನಿಂತ್ರೆ ಮೂರನೆಯವರು ಮೆಟ್ಟಿಲ ಮೇಲೆ ಕಾಯ್ಬೇಕು. ಕೆಲವು ಕಡೆ ಗಾಜು ಮಂಜು ಹಿಡಿದು ಏನೂ ಕಾಣಲ್ಲ, ಎರಡು ಕಡೆ ಬಟನ್ ಕೆಲಸ ಮಾಡ್ಲಿಲ್ಲ. ಅಮ್ಮ ಎಂಟು ಸಮಾಧಿ ಇಳಿದು ಹತ್ತಿ ಒಂಬತ್ತನೇದಕ್ಕೆ ನೀವು ಹೋಗಿ ಬನ್ನಿ ಅಂತ ಕೂತ್ಬಿಟ್ರು. ಮಂಡಿ ನೋವಿರೋರು ಊರಲ್ಲಿರೋ ವಿತೆಲ್ಲೆಸ್ಕಿ ಅರಮನೆ ಮ್ಯೂಸಿಯಂಗೆ ಸೀದಾ ಹೋಗ್ಬಹುದು, ತ್ರಿಕ್ಲಿನಿಯಂ ಸಮಾಧಿಯ ಚಿತ್ರಗಳನ್ನ ಹಾಳಾಗ್ತಿದೆ ಅಂತ 1949ರಲ್ಲಿ ಗೋಡೆಯಿಂದ ಬಿಡಿಸಿ ತಂದು ಅಲ್ಲಿ ಜೋಡಿಸಿದಾರೆ. ಜೊತೆಗೆ ಮಣ್ಣಿನ ರೆಕ್ಕೆ ಕುದುರೆ ಜೋಡಿ ಇದೆ, ದೇವಸ್ಥಾನದ ಮುಂಭಾಗದಲ್ಲಿದ್ದದ್ದು, ಸಮಾಧಿಗೆ ಸಂಬಂಧ ಇಲ್ಲ, ಆದ್ರೂ ನೋಡಿ.

ಕೊನೇ ದಿನ ಬೆಳಗ್ಗೆ ರೋಮಲ್ಲೇ ವಿಲ್ಲಾ ಜೂಲಿಯಾ ಮ್ಯೂಸಿಯಂ. ನನ್ನ ಸಲಹೆ ಏನಂದ್ರೆ ಇದನ್ನ ಕೊನೆಗೇ ಇಟ್ಕೊಳ್ಳಿ. ಅಲ್ಲಿ ಖಾಲಿ ಮನೆ ನೋಡಿರ್ತೀರ, ಇಲ್ಲಿ ಆ ಮನೆ ಸಾಮಾನು. ಮೊದಲೇ ಇದನ್ನ ನೋಡಿದ್ರೆ ಮಡಕೆ ಮೇಲೆ ಮಡಕೆ ನೋಡಿ ಸುಸ್ತಾಗತ್ತೆ, ನಂಗೆ ಹಿಂದಿನ ಸಲ ಆಗಿದ್ದು ಅದೇ. ಎಟ್ರುಸ್ಕನ್ನರು ಸಮಾಧಿಗೆ ಇಡೋ ಕೆಲವು ಕಂಚಿನ ಪಾತ್ರೆ, ಕನ್ನಡಿ ಮೇಲೆ ಸುಥಿನಾ ಅಂತ ಕೊರೆಸ್ತಿದ್ರು, ಸಮಾಧಿಗೆ ಸೇರಿದ್ದು ಅಂತ ಅರ್ಥ, ಕನ್ನಡಿ ಆದ್ರೆ ಮುಖ ನೋಡೋ ಕಡೆಗೇ ಕೊರೆಯೋದು, ಬದುಕಿದ್ದೋರು ಮತ್ತೆ ಬಳಸಬಾರದು ನೋಡಿ. ಇದು ಕೇಳಿ ಅಮ್ಮಂಗೆ ಖುಷಿಯೋ ಖುಷಿ, ಮದುವೆಗೆ ಬಂದ ಸ್ಟೀಲ್ ಪಾತ್ರೆ ಮೇಲೆ ಹೆಸರು ಕೊರೆಸೋದು ನಮ್ಮಲ್ಲಿ ಮಾತ್ರ ಅಂದ್ಕೊಂಡಿದ್ರು.

ಆಮೇಲೆ ದಂಪತಿ ಶವಪೆಟ್ಟಿಗೆ. 1881ರಲ್ಲಿ ಬಂದಿತಾಚ್ಚಾದಲ್ಲೇ ಸಿಕ್ಕಿದ್ದು, ನಾನೂರರಷ್ಟು ಚೂರಾಗಿತ್ತು, ಜೋಡಿಸಿ ನಿಲ್ಲಿಸಿದಾರೆ. ಕ್ರಿ.ಪೂ. 6ನೇ ಶತಮಾನದ ಕೊನೇ ಭಾಗದ್ದು, ಸುಟ್ಟ ಮಣ್ಣು. ಮಂಚದ ಮೇಲೆ ಗಂಡ ಹೆಂಡ್ತಿ ಒರಗಿ ಕೂತಿದಾರೆ, ಅವನ ಕೈ ಅವಳ ಹೆಗಲ ಮೇಲೆ, ಇಬ್ಬರ ಮುಖದಲ್ಲೂ ನಗು, ಅವಳ ಕಾಲಲ್ಲಿ ಮೂತಿ ಚೂಪಾದ ಬೂಟು. ಕೈಗಳು ನಾಕೂ ಏನೋ ಹಿಡಿದಿರೋ ಹಾಗಿವೆ, ಹಿಡಿದಿದ್ದು ಹೋಗಿಬಿಟ್ಟಿದೆ. ಅವಳು ಅವನ ಅಂಗೈಗೆ ಸುಗಂಧ ಎಣ್ಣೆ ಹುಯ್ತಿರಬಹುದು ಅಂತ ಒಂದು ಊಹೆ. ಅಮ್ಮ ಸುತ್ತ ಎರಡು ಪ್ರದಕ್ಷಿಣೆ ಹಾಕಿ, ಎದುರು ನಿಂತು, "ಎಣ್ಣೆನೂ ಅಲ್ಲ ಏನೂ ಅಲ್ಲ, ಊಟ ಆಗಿದೆ, ವೀಳ್ಯ ಮಡಚಿ ಕೊಡ್ತಿದಾಳೆ, ಬೆರಳು ನೋಡು" ಅಂದ್ರು. ಬೆರಳು ನೋಡಿದೆ. ನಿಜ ಹೇಳ್ತೀನಿ, ವೀಳ್ಯ ಬಿಟ್ಟು ಬೇರೇನೂ ಕಾಣ್ತಿಲ್ಲ ಈಗ ನಂಗೆ ಆ ಫೋಟೋಲಿ. ಇದರದ್ದೇ ಜೋಡಿ ಅನ್ನೋ ಹಾಗಿರೋ ಇನ್ನೊಂದು ಪ್ಯಾರಿಸ್ಸಿನ ಲೂವ್ರಲ್ಲಿದೆ, ಅದೂ ಚೆರ್ವೆತೆರಿದೇ. ಅದನ್ನೂ ತೋರಿಸು ಅಂತ ಅಮ್ಮ ಅಲ್ಲೇ ಅಪ್ಲಿಕೇಶನ್ ಹಾಕಿದಾರೆ.

ಚೆರ್ವೆತೆರಿಗೆ ಐದಕ್ಕೆ ನಾಕೂವರೆ, ತಾರ್ಕ್ವಿನಿಯಾಗೆ ನಾಕು (ಆ ಬಟನ್ ಸರಿ ಮಾಡ್ಸಿದ್ರೆ ಐದು), ವಿಲ್ಲಾ ಜೂಲಿಯಾಗೆ ಐದು, ಮಿನಿಬಸ್ ಟೂರಿಗೆ ಊಟ ಚೆನ್ನಾಗಿತ್ತು ಅಂತ ಒಂದು. ಸೋಮವಾರ ರಜ ಇರತ್ತೆ, ಅವತ್ತು ಹೋಗ್ಬೇಡಿ. ಟಿಕೆಟ್ ರೇಟು ಬದಲಾಗ್ತಾ ಇರತ್ತೆ, ಆದ್ರೆ ಎರಡೂ ಊರಲ್ಲಿ ಸಮಾಧಿ ಮ್ಯೂಸಿಯಂ ಸೇರಿಸಿ ಒಂದೇ ಟಿಕೆಟ್ ಸಿಗತ್ತೆ, ಕೌಂಟರಲ್ಲಿ ಕೇಳಿ ತಗೊಳ್ಳಿ. ಚಪ್ಪಲಿ ಬೇಡ, ಹಿಡಿತ ಇರೋ ಶೂ ಹಾಕ್ಕೊಳ್ಳಿ. ನೀರು, ತಿಂಡಿ ಊರಲ್ಲೇ ಕಟ್ಟಿಸ್ಕೊಂಡು ಹೋಗಿ, ಒಳಗೆ ಏನಾದ್ರೂ ಸಿಗತ್ತೆ ಅಂತ ನಂಬ್ಕೊಂಡು ಹೋಗ್ಬೇಡಿ. ನಾವು ತಾರ್ಕ್ವಿನಿಯಾದಲ್ಲಿ ಹುಲ್ಲಿನ ಮೇಲೆ ಕೂತು ಹೆಂಡ್ತಿ ಬೆಳಗ್ಗೆ ಸುತ್ತಿಕೊಂಡಿದ್ದ ಚಪಾತಿ, ಚಟ್ನಿಪುಡಿ ತಿಂದ್ವಿ. ಮಸಣದಲ್ಲಿ ಊಟ ಮಾಡ್ಬಾರ್ದು ಅಂತ ಅಮ್ಮ ಮೊದಲು ಬೇಡ ಅಂದ್ರು, ಆಮೇಲೆ ಗೋಡೆ ತುಂಬ ಅವರೇ ಊಟಕ್ಕೆ ಕೂತಿದಾರಲ್ಲ ಅಂತ ಎರಡು ತಿಂದ್ರು.